ಕಿವಿಯಿಂದ ಓದುವವರಿಗೆ ಯಾವ ಕಂಪ್ಯೂಟರ್?

ಪಿಯುಸಿ ಫಲಿತಾಂಶ ಬಂದು ಕಾಲೇಜು ಸೇರುವ ದಿನಗಳಲ್ಲಿ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯವು. ನಾಗಮಂಗಲದ ಕಡೆಯ ತಾಯಿಯೊಬ್ಬರು, ಮದ್ದೂರಿನಿಂದ ಯಾರದೋ ಅಣ್ಣ, ಮಾನಸಗಂಗೋತ್ರಿಯಲ್ಲಿ ಎಂ.ಎ.ಗೆ ಸೇರಿರುವ ಹುಡುಗಿ. "ಸಾರ್, ನಮ್ ಹುಡ್ಗಂಗೆ ಕಣ್ಣು ಕಾಣಲ್ಲ, ಲ್ಯಾಪ್‌ಟಾಪ್ ಕೊಡುಸ್ಬೇಕು. ಆಪಲ್‌ದೇ ಚೆನ್ನಾಗಿರದು ಅಂತಾರೆ, ನಿಜ್ವಾ?" ಇನ್ನೊಬ್ಬರಿಗೆ ಯಾರೋ ಜಾಸ್ ಎಂಬ ತಂತ್ರಾಂಶ ಇಲ್ಲದಿದ್ದರೆ ಬ್ಯಾಂಕ್ ಕೆಲಸವೇ ಸಿಗುವುದಿಲ್ಲ ಎಂದು ಹೇಳಿರುತ್ತಾರೆ. ಮತ್ತೊಬ್ಬರ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಬಿದ್ದಿರುತ್ತದೆ, ಅದಕ್ಕೆ ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಹಾಕಿಸಿದರೆ ಸಾಕೇ ಎಂದು ಕೇಳುತ್ತಾರೆ.

ನಾನೂ ಕಿವಿಯಿಂದಲೇ ಕಂಪ್ಯೂಟರ್ ಬಳಸುವವನು, ಮೈಸೂರಿನಲ್ಲಿ ನನ್ನಂಥವರಿಗೆ ಅದನ್ನು ಕಲಿಸುವವನು. ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ನಾನು ಮೊದಲು ಕೇಳುವುದು ಮೂರು ಸಂಗತಿ: ಯಾವ ಕೆಲಸಕ್ಕೆ, ಯಾವ ಭಾಷೆಯಲ್ಲಿ, ಕೈಕೊಟ್ಟಾಗ ನೋಡುವವರು ಯಾರು. ಈ ಮೂರಕ್ಕೂ ಉತ್ತರ ಸಿಕ್ಕರೆ ಯಂತ್ರದ ಆಯ್ಕೆ ತಾನಾಗಿ ಕಿರಿದಾಗುತ್ತದೆ.

ಮನೆಯವರಿಗಾಗಿ ಒಂದು ವಿವರಣೆ. ಪರದೆಯ ಮೇಲೆ ಏನಿದೆಯೋ ಅದನ್ನು ದನಿಯಲ್ಲಿ ಹೇಳುವ ತಂತ್ರಾಂಶವೇ ಸ್ಕ್ರೀನ್ ರೀಡರ್. ಮೌಸ್ ಬೇಕಿಲ್ಲ, ಎಲ್ಲವೂ ಕೀಲಿಮಣೆಯಿಂದ. ವಿಂಡೋಸಿಗೆ ಎನ್‌ವಿಡಿಎ, ಜಾಸ್, ನರೇಟರ್ ಇವೆ. ಆಪಲ್‌ಗೆ ವಾಯ್ಸ್‌ಓವರ್, ಲಿನಕ್ಸಿಗೆ ಆರ್ಕಾ, ಗೂಗಲ್ ವ್ಯವಸ್ಥೆಯ ಲ್ಯಾಪ್‌ಟಾಪ್ ಆದ ಕ್ರೋಮ್‌ಬುಕ್ಕಿಗೆ ಕ್ರೋಮ್‌ವಾಕ್ಸ್, ಆಂಡ್ರಾಯ್ಡ್ ಫೋನಿಗೆ ಟಾಕ್‌ಬ್ಯಾಕ್.

ಅಳೆಯಬೇಕಾದ್ದು ಏನನ್ನು?

ಕೆಲಸ ಯಾವುದೆಂದು ಮೊದಲು ಗೊತ್ತಾಗಬೇಕು. ಬಿ.ಎ. ಓದುವ ವಿದ್ಯಾರ್ಥಿಗೆ ಬೇಕಾದ್ದು ವರ್ಡ್, ಬ್ರೌಸರ್, ಪಿಡಿಎಫ್. ಬ್ಯಾಂಕಿಗೆ ಹೋಗುವವರಿಗೆ ಎಕ್ಸೆಲ್ ಮತ್ತು ಬ್ಯಾಂಕಿನ ಸ್ವಂತ ತಂತ್ರಾಂಶ. ಸರ್ಕಾರಿ ಕಚೇರಿಗೆ ಹೋಗುವವರಿಗೆ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬೇಕೇಬೇಕು, ಅದು ವಿಂಡೋಸಿನಲ್ಲಿ ನಡೆಯುವಂಥದ್ದು. ಪ್ರೋಗ್ರಾಮಿಂಗ್ ಕಲಿಯುವವರಿಗೆ ಈ ಕಟ್ಟುಪಾಡು ಕಡಿಮೆ.

ಎರಡನೆಯದು ಹಣ. ಯಂತ್ರದ ಬೆಲೆಯ ಜೊತೆಗೆ ಸ್ಕ್ರೀನ್ ರೀಡರಿನ ಬೆಲೆ, ಮೂರು ನಾಲ್ಕು ವರ್ಷದ ನಂತರದ ರಿಪೇರಿ, ಎಲ್ಲ ಸೇರಿಸಿ ಲೆಕ್ಕ ಹಾಕಬೇಕು.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ: ಕಲಿಸುವವರು, ಕೇಳಿದಾಗ ಹೇಳುವವರು ಹತ್ತಿರ ಇದ್ದಾರೆಯೇ? ಸ್ಕ್ರೀನ್ ರೀಡರ್ ಕಲಿಯುವುದೆಂದರೆ ನೂರಾರು ಕೀಲಿ ಜೋಡಿಗಳು ಬೆರಳಿಗೆ ರೂಢಿಯಾಗುವುದು. ಮೊದಲ ಕೆಲವು ತಿಂಗಳು ಜೊತೆಗೆ ಯಾರಾದರೂ ಬೇಕು. ಮೈಸೂರು, ಮಂಡ್ಯದಲ್ಲಿ ಅಂಧರಿಗೆ ಕಲಿಸುವವರಲ್ಲಿ ಹೆಚ್ಚಿನವರು ಬಲ್ಲದ್ದು ವಿಂಡೋಸನ್ನೇ. ಲಕ್ಷ ರೂಪಾಯಿಯ ಯಂತ್ರ ಮನೆಯಲ್ಲಿದ್ದೂ ಅದರಲ್ಲಿ ಒಂದು ಕಡತ ಉಳಿಸುವುದು ಹೇಗೆಂದು ಹೇಳಿಕೊಡುವವರಿಲ್ಲದಿದ್ದರೆ ಏನು ಪ್ರಯೋಜನ?

ನಾಲ್ಕನೆಯದು ಸ್ವಾವಲಂಬನೆ. ಕಣ್ಣಿರುವವರ ಸಹಾಯವಿಲ್ಲದೆ ಯಂತ್ರವನ್ನು ಮೊದಲ ದಿನವೇ ಹೊಂದಿಸಿಕೊಳ್ಳಬಹುದೇ? ಸಂತೋಷದ ಸಂಗತಿ ಎಂದರೆ ಈಗ ಎಲ್ಲ ಕಡೆಯೂ ಹೌದು. ವಿಂಡೋಸಿನಲ್ಲಿ ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಒಟ್ಟಿಗೆ ಒತ್ತಿದರೆ ನರೇಟರ್ ಮಾತಾಡುತ್ತದೆ, ಹೊಸ ಯಂತ್ರದ ಮೊದಲ ಪರದೆಯಲ್ಲೂ. ಮ್ಯಾಕಿನಲ್ಲಿ ಕಮಾಂಡ್ ಮತ್ತು ಎಫ್5. ಲಿನಕ್ಸಿನ ಒಂದು ರೂಪವಾದ ಉಬುಂಟುವಿನಲ್ಲಿ ಆಲ್ಟ್, ಸೂಪರ್ (ಅಂದರೆ ವಿಂಡೋಸ್ ಕೀ), ಎಸ್. ಕ್ರೋಮ್‌ಬುಕ್ಕಿನಲ್ಲಿ ಕಂಟ್ರೋಲ್, ಆಲ್ಟ್, ಜೆಡ್. ಹಾಗಾಗಿ ಈ ಅಳತೆಯಲ್ಲಿ ಯಾವುದನ್ನೂ ತೆಗೆದುಹಾಕಬೇಕಾಗಿಲ್ಲ.

ಐದನೆಯದು ಕನ್ನಡ. ಅದಕ್ಕೆ ಬೇರೆಯೇ ಜಾಗ ಬೇಕು.

ಕನ್ನಡ ಓದುತ್ತದಾ?

ಓದುತ್ತದೆ. ಆದರೆ ದನಿಯ ಗುಣದಲ್ಲಿ ದೊಡ್ಡ ವ್ಯತ್ಯಾಸವಿದೆ.

ಎನ್‌ವಿಡಿಎ ಮತ್ತು ಆರ್ಕಾ ಎರಡರ ಜೊತೆಗೂ ಬರುವುದು ಈಸ್ಪೀಕ್ ಎಂಬ ಉಚಿತ ದನಿ. ಅದರಲ್ಲಿ ಕನ್ನಡ ಇದೆ. ಮನುಷ್ಯರ ದನಿ ಮುದ್ರಿಸಿ ಮಾಡಿದ್ದಲ್ಲ, ಲೆಕ್ಕ ಹಾಕಿ ಹುಟ್ಟಿಸಿದ ಸದ್ದು. ಮೊದಲ ಸಲ ಕೇಳಿದವರಿಗೆ ಒರಟಾಗಿ ಕೇಳಿಸುತ್ತದೆ. ಆದರೆ ಎಷ್ಟೇ ವೇಗ ಹೆಚ್ಚಿಸಿದರೂ ಅಕ್ಷರಗಳು ಕಲಸುವುದಿಲ್ಲ, ಕೀಲಿ ಒತ್ತಿದ ತಕ್ಷಣ ಉತ್ತರ ಕೊಡುತ್ತದೆ, ಇಂಟರ್ನೆಟ್ ಬೇಡ. ಪರೀಕ್ಷೆಗೆ ಓದುವವರು, ದಿನವಿಡೀ ಕೆಲಸ ಮಾಡುವವರು ಕೊನೆಗೆ ಅದನ್ನೇ ಇಷ್ಟಪಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಕಥೆ, ಕಾದಂಬರಿ ಕೇಳಲು ಕೂತವರಿಗೆ ಮಾತ್ರ ಅದು ಬೇಗ ಬೇಸರ ತರಿಸುತ್ತದೆ.

ವಿಂಡೋಸಿನಲ್ಲಿ ಇದಕ್ಕೊಂದು ಉಪಾಯ ಇದೆ. ಎಡ್ಜ್ ಬ್ರೌಸರಿನಲ್ಲಿ ಪುಟ ತೆರೆದು ಕಂಟ್ರೋಲ್, ಶಿಫ್ಟ್, ಯು ಒತ್ತಿದರೆ ಗಟ್ಟಿಯಾಗಿ ಓದುವ ಸೌಲಭ್ಯ ಶುರುವಾಗುತ್ತದೆ. ಅಲ್ಲಿ ಕನ್ನಡಕ್ಕೆ ಗಗನ್, ಸಪ್ನಾ ಎಂಬ ಎರಡು ದನಿಗಳಿವೆ, ಎರಡೂ ಕಿವಿಗೆ ಹಿತವಾಗಿವೆ. ಇಂಟರ್ನೆಟ್ ಇರಬೇಕು, ಮತ್ತು ಇದು ಲೇಖನ ಓದಿಸಲು ಮಾತ್ರ. ಟೈಪ್ ಮಾಡುವಾಗ, ಮೆನುಗಳಲ್ಲಿ ಓಡಾಡುವಾಗ ಈ ದನಿ ಜೊತೆಗೆ ಬರುವುದಿಲ್ಲ.

ಆಪಲ್ ಯಂತ್ರಗಳಲ್ಲಿ ಸೌಮ್ಯ ಎಂಬ ಕನ್ನಡ ದನಿ ಇದೆ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓದುತ್ತದೆ, ಮ್ಯಾಕಿನಲ್ಲೂ ಐಫೋನಿನಲ್ಲೂ ವಾಯ್ಸ್‌ಓವರ್ ಜೊತೆಗೇ ಕೆಲಸ ಮಾಡುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್‌ನ ಕನ್ನಡ ದನಿ ಸಿಗುತ್ತದೆ, ಅದೂ ಚೆನ್ನಾಗಿದೆ. ಸ್ಕ್ರೀನ್ ರೀಡರಿನ ಎಲ್ಲ ಕೆಲಸಕ್ಕೂ ಜೊತೆಯಾಗುವ ಸಹಜವಾದ ಕನ್ನಡ ದನಿಯೊಂದೇ ನಿಮ್ಮ ಅಳತೆಯಾದರೆ ಫೋನು ಮತ್ತು ಮ್ಯಾಕ್ ಮುಂದಿವೆ, ವಿಂಡೋಸ್ ಹಿಂದಿದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆದರೆ ಕನ್ನಡ ಓದುವುದರಲ್ಲಿ ನಿಜವಾದ ತೊಡಕು ದನಿಯದಲ್ಲ, ಕಡತದ್ದು. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಮಾಡಿದ ಕಡತ ಕಣ್ಣಿಗೆ ಕನ್ನಡವಾಗಿ ಕಾಣುತ್ತದೆ. ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಸ್ಕ್ರೀನ್ ರೀಡರ್ ಓದುವುದು ಒಳಗಿರುವುದನ್ನು. ಅಧ್ಯಾಪಕರು ಪ್ರೀತಿಯಿಂದ ಕಳಿಸಿದ ಟಿಪ್ಪಣಿ ಕಿವಿಗೆ ಅರ್ಥವಿಲ್ಲದ ಸದ್ದಾಗಿ ಬೀಳುತ್ತದೆ. ವಿದ್ಯಾರ್ಥಿ ಯಂತ್ರ ಕೆಟ್ಟಿದೆ ಎಂದುಕೊಳ್ಳುತ್ತಾನೆ, ಮನೆಯವರು ಇನ್ನೂ ದುಬಾರಿಯದು ಕೊಡಿಸಬೇಕಿತ್ತು ಎಂದುಕೊಳ್ಳುತ್ತಾರೆ. ಲಕ್ಷದ ಮ್ಯಾಕ್ ತಂದರೂ ಅದು ಅದೇ ಸದ್ದನ್ನೇ ಓದುತ್ತದೆ. ಪರಿಹಾರ ಇರುವುದು ಯೂನಿಕೋಡಿನಲ್ಲಿ, ಅಂದರೆ ಕನ್ನಡ ಅಕ್ಷರವನ್ನು ಎಲ್ಲ ಯಂತ್ರಗಳೂ ಕನ್ನಡವೆಂದೇ ಗುರುತಿಸುವ ಸಂಕೇತ ಕ್ರಮದಲ್ಲಿ. ನುಡಿಯಲ್ಲೂ ಬರಹದಲ್ಲೂ ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸುವ ಸೌಲಭ್ಯ ಇದೆ. ಅದನ್ನು ಕಲಿಯುವುದು, ಮತ್ತು ಅಧ್ಯಾಪಕರಿಗೆ "ಮೇಡಂ, ಯೂನಿಕೋಡಲ್ಲಿ ಕಳಿಸ್ತೀರಾ?" ಎಂದು ಸಂಕೋಚವಿಲ್ಲದೆ ಕೇಳುವುದು, ಎರಡೂ ರೂಢಿಯಾಗಬೇಕು. ಈ ಲೇಖನವನ್ನು ಅಧ್ಯಾಪಕರು ಯಾರಾದರೂ ಓದುತ್ತಿದ್ದರೆ ನನ್ನ ಕೋರಿಕೆಯೂ ಅದೇ.

ಇನ್ನೊಂದು ಬಗೆಯದು ಸ್ಕ್ಯಾನ್ ಮಾಡಿದ ಪಿಡಿಎಫ್, ಅಂದರೆ ಬರೀ ಚಿತ್ರ. ಅದನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳನ್ನು ಗುರುತಿಸಿ ಪಠ್ಯ ಮಾಡಿಕೊಡುತ್ತದೆ. ಮುದ್ರಣ ಸ್ವಚ್ಛವಾಗಿದ್ದರೆ ಫಲ ಚೆನ್ನಾಗಿರುತ್ತದೆ, ಹಳೆಯ ಪುಸ್ತಕದಲ್ಲಿ ಒತ್ತಕ್ಷರಗಳು ಜಾರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೈಲ್ ಪ್ರಯೋಗಾಲಯ ಕನ್ನಡ ಮುದ್ರಣಕ್ಕೆಂದೇ ಲಿಪಿಜ್ಞಾನಿ ಎಂಬ ತಂತ್ರಾಂಶ ರೂಪಿಸಿದೆ. ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ 2016ರಿಂದ ಇದೆ. ಮುದ್ರಿತ ಪುಸ್ತಕ ಓದಲಾಗದವರಿಗೆ ಅಲ್ಲಿ ಸದಸ್ಯತ್ವ ಸಿಗುತ್ತದೆ.

ಕನ್ನಡ ಟೈಪಿಂಗ್ ಎಲ್ಲ ಕಡೆಯೂ ಸಾಧ್ಯ. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇದೆ. 2019ರಿಂದ ವಿಂಡೋಸಿನೊಳಗೇ ಕನ್ನಡದ ಫೊನೆಟಿಕ್ ಕೀಲಿಮಣೆಯೂ ಸೇರಿದೆ. ನುಡಿಯ ವಿನ್ಯಾಸ ಬೆರಳಿಗೆ ಹತ್ತಿದವರಿಗೆ ಲಿನಕ್ಸಿನಲ್ಲಿ ಕಗಪ ವಿನ್ಯಾಸ ಸಿಗುತ್ತದೆ.

ವಿಂಡೋಸ್ ಜೊತೆ ಎನ್‌ವಿಡಿಎ

ನಾನು ಹೆಚ್ಚು ಜನರಿಗೆ ಹೇಳುವುದು ಇದನ್ನೇ, ಆದ್ದರಿಂದ ಕಾರಣಗಳನ್ನು ಬಿಡಿಸಿ ಹೇಳುತ್ತೇನೆ.

2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಎಂಬ ಅಂಧ ಯುವಕ ಎನ್‌ವಿಡಿಎಯನ್ನು ಬರೆಯಲು ಶುರುಮಾಡಿದರು. ಆಗ ಇದ್ದ ಸ್ಕ್ರೀನ್ ರೀಡರುಗಳ ಬೆಲೆ ಕಂಪ್ಯೂಟರಿನ ಬೆಲೆಯನ್ನೂ ಮೀರಿಸುವಷ್ಟಿತ್ತು. ಅವರದೇ ಗೆಳೆಯ, ಅಂಧರೇ ಆದ ಜೇಮ್ಸ್ ಟೆ ಜೊತೆಯಾದರು. ಇಂದಿಗೂ ಎನ್‌ವಿಡಿಎ ಉಚಿತ, ಅದರ ಮೂಲ ಸಂಕೇತ ಎಲ್ಲರಿಗೂ ತೆರೆದಿದೆ. ಹೊಸ ಆವೃತ್ತಿ ಬಂದಾಗಲೂ ಹಣ ಕೇಳುವುದಿಲ್ಲ.

ಬಿ.ಎ., ಬಿ.ಕಾಂ., ಬಿ.ಎಡ್. ಓದಿಗೆ ಬೇಕಾದ ವರ್ಡ್, ಎಕ್ಸೆಲ್, ಕ್ರೋಮ್, ಪಿಡಿಎಫ್ ಎಲ್ಲದರಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ವೆಬ್ ಪುಟದಲ್ಲಿ ಎಚ್ ಒತ್ತಿದರೆ ಮುಂದಿನ ಶೀರ್ಷಿಕೆ, ಕೆ ಒತ್ತಿದರೆ ಮುಂದಿನ ಕೊಂಡಿ, ಟಿ ಒತ್ತಿದರೆ ಕೋಷ್ಟಕ. ಇನ್ಸರ್ಟ್ ಜೊತೆ ಎಫ್7 ಒತ್ತಿದರೆ ಪುಟದ ಎಲ್ಲ ಕೊಂಡಿಗಳ ಪಟ್ಟಿ. ಹೊಸಬರಿಗೆ ನಾನು ಮೊದಲ ದಿನ ಹೇಳಿಕೊಡುವುದು ಇನ್ಸರ್ಟ್ ಜೊತೆ 1. ಅದನ್ನು ಒತ್ತಿದ ಮೇಲೆ ಯಾವ ಕೀಲಿ ಮುಟ್ಟಿದರೂ ಅದರ ಹೆಸರನ್ನಷ್ಟೇ ಹೇಳುತ್ತದೆ, ಬೇರೇನೂ ಆಗುವುದಿಲ್ಲ. ಏನೋ ಕೆಟ್ಟುಹೋದೀತು ಎಂಬ ಹೆದರಿಕೆ ಮಕ್ಕಳಲ್ಲಿ ಅಲ್ಲೇ ಕರಗುತ್ತದೆ.

ಪೆನ್‌ಡ್ರೈವಿನಲ್ಲಿ ಎನ್‌ವಿಡಿಎ ಇಟ್ಟುಕೊಂಡು ಓಡಾಡಬಹುದು. ಸೈಬರ್ ಸೆಂಟರಿನಲ್ಲೋ ಕಾಲೇಜಿನ ಲ್ಯಾಬಿನಲ್ಲೋ ಸಿಕ್ಕಿಸಿದರೆ ಆ ಕಂಪ್ಯೂಟರ್ ಮಾತಾಡತೊಡಗುತ್ತದೆ, ಅದರಲ್ಲಿ ಏನನ್ನೂ ಅನುಸ್ಥಾಪಿಸಬೇಕಿಲ್ಲ. ಇನ್ನೊಂದು, 2025.1 ಆವೃತ್ತಿಯಿಂದ ದೂರದ ಕಂಪ್ಯೂಟರನ್ನು ನಿಯಂತ್ರಿಸುವ ಸೌಲಭ್ಯ ಅದರೊಳಗೇ ಸೇರಿದೆ. ಮೈಸೂರಿನಲ್ಲಿ ಕೂತ ಅಧ್ಯಾಪಕ ಪಾಂಡವಪುರದ ಹುಡುಗಿಯ ಲ್ಯಾಪ್‌ಟಾಪನ್ನು ತನ್ನ ಕೀಲಿಮಣೆಯಿಂದ ನಡೆಸಬಹುದು, ಅದರ ದನಿ ಇಲ್ಲಿ ಕೇಳಿಸುತ್ತದೆ. ಬಸ್ಸು ಹತ್ತಿ ಪಟ್ಟಣಕ್ಕೆ ಬರಲು ಜೊತೆಗೊಬ್ಬರನ್ನು ಹುಡುಕಬೇಕಾದ ಹುಡುಗಿಗೆ ಇದರ ಬೆಲೆ ಎಷ್ಟೆಂದು ಅವಳೇ ಹೇಳಬೇಕು.

ಕೊರತೆಗಳೂ ಇವೆ. ಸಹಜ ಕನ್ನಡ ದನಿ ಜೊತೆಗೆ ಬರುವುದಿಲ್ಲ ಎಂದು ಆಗಲೇ ಹೇಳಿದೆ. ಕಚೇರಿಗಳ ಕೆಲವು ಹಳೆಯ ತಂತ್ರಾಂಶಗಳ ಗುಂಡಿಗಳಿಗೆ ಹೆಸರೇ ಇರುವುದಿಲ್ಲ, ಅಲ್ಲಿ "ಬಟನ್, ಬಟನ್" ಎಂದಷ್ಟೇ ಕೇಳಿಸುತ್ತದೆ.

ವಿಂಡೋಸಿನೊಳಗೇ ಇರುವ ನರೇಟರ್ ಹಿಂದಿಗಿಂತ ತುಂಬ ಸುಧಾರಿಸಿದೆ. ಎನ್‌ವಿಡಿಎ ಇಳಿಸಿಕೊಳ್ಳುವವರೆಗೆ, ಅಥವಾ ಅದು ಕೈಕೊಟ್ಟಾಗ, ಬಹಳ ಉಪಯೋಗ. ದಿನದ ಕೆಲಸಕ್ಕೆ ಅದೊಂದನ್ನೇ ನೆಚ್ಚಿಕೊಳ್ಳಲು ನಾನು ಹೇಳುವುದಿಲ್ಲ.

ಯಂತ್ರ ಕೊಳ್ಳುವಾಗ ಒಂದು ಎಚ್ಚರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಲು ಇಂಟೆಲ್ ಆದರೆ ಎಂಟನೇ ತಲೆಮಾರಿನ ಅಥವಾ ಆಮೇಲಿನ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಆರನೇ, ಏಳನೇ ತಲೆಮಾರಿನವು ಅಗ್ಗಕ್ಕೆ ಸಿಗುತ್ತವೆ, ಬೆಲೆ ನೋಡಿ ಮರುಳಾಗಬೇಡಿ. ಎಂಟನೇ ತಲೆಮಾರಿನ, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ (ಕಡತಗಳನ್ನಿಡುವ ವೇಗದ ಡಿಸ್ಕ್) ಇರುವ ಬಳಸಿದ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತೈದು ಸಾವಿರದೊಳಗೆ ಸಿಗುತ್ತದೆ. ಎಸ್‌ಎಸ್‌ಡಿಯ ವಿಷಯದಲ್ಲಿ ರಾಜಿ ಬೇಡ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಕೀಲಿ ಒತ್ತಿದ ಮೇಲೆ ದನಿ ತಡವಾಗಿ ಬರುತ್ತದೆ. ಕಣ್ಣಿರುವವರಿಗೆ ಅದು ಸಣ್ಣ ಕಿರಿಕಿರಿ, ನಮಗೆ ದಾರಿಯೇ ತಪ್ಪುತ್ತದೆ. ಪರದೆಯ ಗಾತ್ರ, ಹೊಳಪು, ಗ್ರಾಫಿಕ್ಸ್ ಕಾರ್ಡ್ ಇವಕ್ಕೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ.

ಜಾಸ್ ಬೇಕೇ?

ಜಾಸ್‌ನ ಇತಿಹಾಸ ದೊಡ್ಡದು. ಮೋಟಾರ್ ಸೈಕಲ್ ಪಂದ್ಯಗಳ ಸವಾರರಾಗಿದ್ದ ಟೆಡ್ ಹೆಂಟರ್ 1978ರ ಕಾರು ಅಪಘಾತದಲ್ಲಿ ಕಣ್ಣು ಕಳೆದುಕೊಂಡರು, ಪ್ರೋಗ್ರಾಮಿಂಗ್ ಕಲಿತರು. ಅವರ ಕಂಪನಿಯಿಂದ 1989ರಲ್ಲಿ ವಿಂಡೋಸಿಗೂ ಹಿಂದಿನ ಡಾಸ್‌ಗೆ ಜಾಸ್ ಬಂತು, 1995ರಲ್ಲಿ ವಿಂಡೋಸಿಗೆ. ವೆಬ್ ಪುಟಗಳು ಅಂಗವಿಕಲರಿಗೂ ಒದಗುವಂತೆ ಕೆಲಸ ಮಾಡುವ ವೆಬ್‌ಎಯ್ಮ್ ಸಂಸ್ಥೆ 2023ರ ಕೊನೆ ಮತ್ತು 2024ರ ಮೊದಲಿನಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಜಾಸ್ ತಮ್ಮ ಮುಖ್ಯ ಸ್ಕ್ರೀನ್ ರೀಡರ್ ಎಂದವರು ಶೇ. 40.5, ಎನ್‌ವಿಡಿಎ ಎಂದವರು ಶೇ. 37.7, ವಾಯ್ಸ್‌ಓವರ್ ಎಂದವರು ಶೇ. 9.7. ಉತ್ತರಿಸಿದವರಲ್ಲಿ ಉತ್ತರ ಅಮೆರಿಕದವರ ಪಾಲು ದೊಡ್ಡದು ಎಂಬುದನ್ನು ನೆನಪಿಟ್ಟುಕೊಂಡು ಈ ಅಂಕಿ ನೋಡಬೇಕು. ಅಲ್ಲಿ ಜಾಸ್‌ನ ಹಣವನ್ನು ಎಷ್ಟೋ ಕಡೆ ಕಚೇರಿಯೋ ಸರ್ಕಾರವೋ ಕೊಡುತ್ತದೆ.

ಅದರ ನಿಜವಾದ ಬಲ ಸ್ಕ್ರಿಪ್ಟ್‌ಗಳಲ್ಲಿದೆ. ಒಂದು ಕಚೇರಿಯ ವಿಶೇಷ ತಂತ್ರಾಂಶಕ್ಕೆ ಹೊಂದುವಂತೆ ಜಾಸ್‌ಗೆ ಪಾಠ ಹೇಳಿಕೊಡಬಹುದು. ದೊಡ್ಡ ಎಕ್ಸೆಲ್ ಹಾಳೆಗಳಲ್ಲಿ ಅದರ ಕೈ ಚುರುಕು. ಯಾವುದೋ ಮೂಲೆಯ ಒಟ್ಟು ಮೊತ್ತದ ಕೋಶವನ್ನು ಗುರುತು ಮಾಡಿಟ್ಟರೆ, ನೀವು ಎಲ್ಲೇ ಇದ್ದರೂ ಅದನ್ನು ಓದಿಸಿ ಕೇಳಬಹುದು. ದಿನವಿಡೀ ಲೆಕ್ಕಪತ್ರದ ಕೆಲಸ ಮಾಡುವವರಿಗೆ ಇದು ಸಮಯ ಉಳಿಸುತ್ತದೆ.

ಪೂರ್ಣ ಪರವಾನಗಿಗೆ ಹತ್ತಾರು ಸಾವಿರ ರೂಪಾಯಿ, ಮುಂದಿನ ಆವೃತ್ತಿಗಳಿಗೆ ಮತ್ತೆ ಹಣ. ವಿದ್ಯಾರ್ಥಿಯ ಮನೆಯವರು ಸಾಲ ಮಾಡಿ ಇದನ್ನು ಕೊಡಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಹಣ ಕೊಡದೆ ಹಾಕಿಕೊಂಡರೂ ಜಾಸ್ ಒಂದು ಸಲಕ್ಕೆ 40 ನಿಮಿಷ ನಡೆಯುತ್ತದೆ, ಆಮೇಲೆ ಕಂಪ್ಯೂಟರನ್ನು ಮತ್ತೆ ಶುರುಮಾಡಬೇಕು. ಕಲಿಯಲು ಅಷ್ಟು ಸಾಕು. ಎನ್‌ವಿಡಿಎಯಲ್ಲಿ ಪಳಗಿದವರಿಗೆ ಜಾಸ್ ಹೊಸದೆನಿಸುವುದಿಲ್ಲ, ವೆಬ್ ಪುಟದಲ್ಲಿ ಓಡಾಡುವ ಬಹಳಷ್ಟು ಕೀಲಿಗಳು ಎರಡರಲ್ಲೂ ಒಂದೇ. ಕೆಲಸ ಸಿಕ್ಕಿ ಆ ಕಚೇರಿಗೆ ಜಾಸ್ ಬೇಕಾದರೆ ಕಚೇರಿಯನ್ನೇ ಕೇಳಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದಲ್ಲಿ ಸರ್ಕಾರಿ ಸಂಸ್ಥೆಗಳು ಅಂಗವಿಕಲ ನೌಕರರಿಗೆ ತಕ್ಕ ಅನುಕೂಲ ಒದಗಿಸಬೇಕೆಂದು ಇದೆ. ಕೇಳುವುದು ಭಿಕ್ಷೆಯಲ್ಲ.

ಮ್ಯಾಕ್

2005ರ ಏಪ್ರಿಲ್‌ನಲ್ಲಿ ಬಂದ ಟೈಗರ್ ಆವೃತ್ತಿಯಿಂದ ವಾಯ್ಸ್‌ಓವರ್ ಪ್ರತಿ ಮ್ಯಾಕಿನೊಳಗೇ ಇದೆ. ಪೆಟ್ಟಿಗೆ ಬಿಚ್ಚಿದ ದಿನವೇ ಅಂಧ ವ್ಯಕ್ತಿ ತಾನೇ ಎಲ್ಲವನ್ನೂ ಹೊಂದಿಸಿಕೊಳ್ಳಬಹುದು ಎಂಬ ಗೌರವ ಅಂದಿನಿಂದಲೂ ಅಲ್ಲಿದೆ. ಸೌಮ್ಯಳ ಕನ್ನಡ ಇದೆ. ಬ್ಯಾಟರಿ ದಿನವಿಡೀ ಬರುತ್ತದೆ. ಸಂಗೀತದ ಧ್ವನಿಮುದ್ರಣ, ಧ್ವನಿ ಸಂಕಲನ ಮಾಡುವವರಿಗೆ ಅಲ್ಲಿನ ಲಾಜಿಕ್ ಪ್ರೊ ವಾಯ್ಸ್‌ಓವರ್ ಜೊತೆ ಚೆನ್ನಾಗಿ ಹೊಂದುತ್ತದೆ. ಮೈಸೂರಿನ ಅಂಧ ಸಂಗೀತಗಾರರೊಬ್ಬರು ಕೇಳಿದರೆ ನಾನು ಮ್ಯಾಕನ್ನು ಧೈರ್ಯವಾಗಿ ಹೇಳುತ್ತೇನೆ.

ಹೊಸ ಮ್ಯಾಕ್‌ಬುಕ್ ಏರ್ ಬೇಕೆಂದರೆ ಸುಮಾರು ಲಕ್ಷ ರೂಪಾಯಿ ಎಣಿಸಬೇಕು. ಕೊಂಡ ಮೇಲೆ ರ‍್ಯಾಮ್ ಹೆಚ್ಚಿಸಲಾಗದು. ತಾಲ್ಲೂಕು ಕೇಂದ್ರದಲ್ಲಿ ಅದನ್ನು ರಿಪೇರಿ ಮಾಡುವವರು ಸಿಗುವುದು ಕಷ್ಟ. ಓಡಾಡುವ ಕ್ರಮವೂ ಬೇರೆ: ಪರದೆಯ ಒಂದೊಂದು ಭಾಗದ ಒಳಗೆ ಹೋಗಿ, ಕೆಲಸ ಮುಗಿಸಿ, ಹೊರಗೆ ಬರಬೇಕು. ಮನೆಗಳ ಸಾಲಿನಲ್ಲಿ ಪ್ರತಿ ಮನೆಯ ಬಾಗಿಲು ತೆರೆದು ಒಳಹೊಕ್ಕು ಮತ್ತೆ ಬೀದಿಗೆ ಬಂದಂತೆ. ಕೆಲವರಿಗೆ ಇದರಿಂದಲೇ ಪರದೆಯ ನಕ್ಷೆ ಮನಸ್ಸಿನಲ್ಲಿ ಮೂಡುತ್ತದೆ, ಕೆಲವರಿಗೆ ತಾಳ್ಮೆ ತಪ್ಪುತ್ತದೆ. ಸಫಾರಿಯಲ್ಲಿ ಭಾರವಾದ ಪುಟ ತೆರೆದಾಗ ವಾಯ್ಸ್‌ಓವರ್ "ಬ್ಯುಸಿ" ಎಂದು ನಿಂತುಬಿಡುವುದು ಅನೇಕ ಬಳಕೆದಾರರು ವರ್ಷಗಳಿಂದ ಹೇಳುತ್ತಿರುವ ದೂರು. ಮುಂದೆ ಸರ್ಕಾರಿ ಕಚೇರಿಯೋ ಬ್ಯಾಂಕೋ ಗುರಿಯಾಗಿದ್ದರೆ ಅಲ್ಲಿ ಸಿಗುವುದು ವಿಂಡೋಸ್, ಆಗ ಮತ್ತೆ ಮೊದಲಿನಿಂದ ಕಲಿಯಬೇಕು.

ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್

ಮನೆಯಲ್ಲಿ ವಿಂಡೋಸ್ 11 ಒಪ್ಪದ ಲ್ಯಾಪ್‌ಟಾಪ್ ಇದ್ದರೆ ಎಸೆಯಬೇಡಿ. ಉಬುಂಟು ಅಥವಾ ಉಬುಂಟು ಮಾಟೆ ಹಾಕಿಸಿ. ಆರ್ಕಾ ಜೊತೆಗೇ ಬರುತ್ತದೆ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಹುಟ್ಟಿದ ಇದು 2006ರಿಂದ ಲಿನಕ್ಸಿನ ಗ್ನೋಮ್ ಎಂಬ ಡೆಸ್ಕ್‌ಟಾಪಿನ ಭಾಗ. ಅಂಧರಿಗೆಂದೇ ಕೇರಳದಲ್ಲಿ ರೂಪಿಸಿದ ಅಕ್ಸೆಸಿಬಲ್ ಕೊಕೊನಟ್ ಎಂಬ ಲಿನಕ್ಸ್ ಕೂಡ ಇದೆ, ಅನುಸ್ಥಾಪಿಸಿದ ತಕ್ಷಣ ಮಾತಾಡುತ್ತದೆ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್, ಇಮೇಲ್ ಎಲ್ಲ ನಡೆಯುತ್ತವೆ. ಪ್ರೋಗ್ರಾಮಿಂಗ್ ಕಲಿಯುವವರಿಗೆ ಆದೇಶಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಟರ್ಮಿನಲ್ ಒಂದು ವರದಾನ. ಅಲ್ಲಿ ಎಲ್ಲವೂ ಬರೀ ಅಕ್ಷರ, ಚಿತ್ರಗಳ ಗೊಡವೆ ಇಲ್ಲ.

ಆದರೆ ಲಿನಕ್ಸಿನಲ್ಲಿ ಒಂದು ಅಪ್‌ಡೇಟ್ ಆದ ಮೇಲೆ ಸದ್ದೇ ನಿಂತುಹೋಗುವ ಸಂದರ್ಭಗಳಿವೆ. ಸದ್ದು ನಿಂತರೆ ನಮಗೆ ಯಂತ್ರವೇ ನಿಂತಂತೆ. ಕಣ್ಣಿರುವ, ಲಿನಕ್ಸ್ ಬಲ್ಲ ಗೆಳೆಯರು ಒಬ್ಬರಾದರೂ ಹತ್ತಿರ ಇದ್ದರೆ ಮಾತ್ರ ಇದನ್ನು ಏಕೈಕ ಯಂತ್ರ ಮಾಡಿಕೊಳ್ಳಿ. ಎಂಜಿನಿಯರಿಂಗ್ ಕಾಲೇಜುಗಳಿರುವ ಮೈಸೂರು, ಮಂಡ್ಯ ಪಟ್ಟಣಗಳಲ್ಲಿ ಅಂಥ ಹುಡುಗರು ಸಿಗುತ್ತಾರೆ, ಹಳ್ಳಿಯಲ್ಲಿ ಅಪರೂಪ.

ಕ್ರೋಮ್‌ಬುಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವೆಬ್ಬಿನಲ್ಲೇ ಎಲ್ಲ ಕೆಲಸ ಮುಗಿಯುವವರಿಗೆ ಕ್ರೋಮ್‌ವಾಕ್ಸ್ ಸಾಕು. ಎನ್‌ವಿಡಿಎ ಅಲ್ಲಿ ನಡೆಯುವುದಿಲ್ಲ, ನುಡಿಯೂ ಇಲ್ಲ. ಒಂದೇ ಯಂತ್ರ ಕೊಳ್ಳುವವರಿಗೆ ನಾನು ಇದನ್ನು ಹೇಳಲಾರೆ.

ಲ್ಯಾಪ್‌ಟಾಪೇ ಬೇಕೇ?

ಎಷ್ಟೋ ಸಲ ಬೇಡ. ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ರೈತರೊಬ್ಬರು ಪತ್ರಿಕೆ ಓದಬೇಕು, ವಾಟ್ಸಾಪ್ ನೋಡಬೇಕು, ಮಗಳಿಗೆ ಹಣ ಕಳಿಸಬೇಕು ಎಂದರೆ ಆಂಡ್ರಾಯ್ಡ್ ಫೋನ್ ಮತ್ತು ಟಾಕ್‌ಬ್ಯಾಕ್ ಸಾಕು. ಬಹುತೇಕ ಫೋನುಗಳಲ್ಲಿ ದನಿ ಏರಿಸುವ, ಇಳಿಸುವ ಎರಡು ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದರೆ ಅದು ಶುರುವಾಗುತ್ತದೆ. ಕನ್ನಡದಲ್ಲಿ ಹೇಳಿದ್ದನ್ನು ಗೂಗಲ್‌ನ ಕೀಲಿಮಣೆಯಾದ ಜಿಬೋರ್ಡ್ ಬರೆದುಕೊಳ್ಳುತ್ತದೆ. ಕೈಯಲ್ಲಿ ಈಗಾಗಲೇ ಫೋನ್ ಇದ್ದರೆ ಖರ್ಚು ಸೊನ್ನೆ. ಐಫೋನಿನಲ್ಲಿ ವಾಯ್ಸ್‌ಓವರ್ 2009ರಿಂದ ಇದೆ, ಸನ್ನೆಗಳು ಇನ್ನೂ ನಯವಾಗಿವೆ, ಬೆಲೆ ಮಾತ್ರ ಹೆಚ್ಚು.

ಓದು ಬರಹ ಮಾಡುವ ವಿದ್ಯಾರ್ಥಿಗೆ ಫೋನೊಂದೇ ಸಾಲದು. ಹತ್ತು ಪುಟದ ಪ್ರಬಂಧ ತಿದ್ದುವುದು, ಅಡಿಟಿಪ್ಪಣಿ ಹಾಕುವುದು, ಕೋಷ್ಟಕ ಮಾಡುವುದು ಬೆರಳ ಸನ್ನೆಯಲ್ಲಿ ಆಗುವ ಕೆಲಸವಲ್ಲ. ಆದರೆ ಲ್ಯಾಪ್‌ಟಾಪಿಗೆ ಹಣ ಹೊಂದುವವರೆಗೆ ಒಂದು ಸಾವಿರದ ಆಸುಪಾಸಿನ ಬ್ಲೂಟೂತ್ ಕೀಲಿಮಣೆಯನ್ನು ಫೋನಿಗೆ ಜೋಡಿಸಿ ಟೈಪಿಂಗ್ ಶುರುಮಾಡಬಹುದು. ಆ ಅಭ್ಯಾಸ ಎಲ್ಲಿಗೆ ಹೋದರೂ ಕೆಲಸಕ್ಕೆ ಬರುತ್ತದೆ.

ಬ್ರೈಲ್ ಬಲ್ಲ ಮಕ್ಕಳಿಗೆ ದನಿಯೊಂದನ್ನೇ ಕೊಡಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ಕಿವಿಯಿಂದ ಮಾತ್ರ ಕಲಿತವರು "ಆರ್ಥಿಕ"ದ ಅರ್ಕಾವತ್ತಿನಲ್ಲಿ, ಅಲ್ಪಪ್ರಾಣ ಮಹಾಪ್ರಾಣದಲ್ಲಿ ತಡವರಿಸುತ್ತಾರೆ. ಆರ್ಬಿಟ್ ರೀಡರ್ 20ರಂಥ ಬ್ರೈಲ್ ಸಾಧನ ಎನ್‌ವಿಡಿಎ, ವಾಯ್ಸ್‌ಓವರ್ ಎರಡಕ್ಕೂ ಜೋಡಣೆಯಾಗುತ್ತದೆ.

ಹಾಗಾದರೆ ಯಾರಿಗೆ ಯಾವುದು

ಪದವಿ ಓದುವವರು, ಸರ್ಕಾರಿ ಕೆಲಸ, ಶಿಕ್ಷಕ ವೃತ್ತಿ, ಬ್ಯಾಂಕ್ ಎಂದು ಗುರಿ ಇಟ್ಟವರು: ಬಳಸಿದ ವಿಂಡೋಸ್ ಲ್ಯಾಪ್‌ಟಾಪ್, ಎನ್‌ವಿಡಿಎ, ಕನ್ನಡ ಕಥೆ ಕೇಳಲು ಎಡ್ಜ್ ಅಥವಾ ಫೋನು. ಹೆಚ್ಚಿನವರಿಗೆ ನನ್ನ ಉತ್ತರ ಇದೇ. ಈಗಾಗಲೇ ಕೆಲಸದಲ್ಲಿದ್ದು ಎಕ್ಸೆಲ್ಲಿನಲ್ಲೇ ದಿನ ಕಳೆಯುವವರು ಜಾಸ್‌ನ 40 ನಿಮಿಷದ ಆವೃತ್ತಿಯನ್ನು ಕೆಲವು ವಾರ ಬಳಸಿ ನೋಡಿ, ವ್ಯತ್ಯಾಸ ಅನುಭವಕ್ಕೆ ಬಂದರೆ ಕಚೇರಿಗೆ ಅರ್ಜಿ ಕೊಡಲಿ. ಸಂಗೀತದವರು, ಕೈಯಲ್ಲಿ ಐಫೋನ್ ಇದ್ದು ಹಣದ ಅಡಚಣೆ ಇಲ್ಲದವರು ಮ್ಯಾಕ್ ಕೊಳ್ಳಬಹುದು. ಪ್ರೋಗ್ರಾಮಿಂಗ್ ಕಲಿಯುವವರು ವಿಂಡೋಸ್ ಜೊತೆಗೆ ಹಳೆಯ ಯಂತ್ರವೊಂದರಲ್ಲಿ ಲಿನಕ್ಸನ್ನೂ ಇಟ್ಟುಕೊಳ್ಳಲಿ.

ಹಣ ಕೊಡುವ ಮೊದಲು ಇನ್ನೊಂದು ಬಾಗಿಲು ತಟ್ಟಿ. ಎಸ್ಸೆಸ್ಸೆಲ್ಸಿ ನಂತರ ಓದುತ್ತಿರುವ ದೃಷ್ಟಿಹೀನ ವಿದ್ಯಾರ್ಥಿಗಳಿಗೆ ಟಾಕಿಂಗ್ ಲ್ಯಾಪ್‌ಟಾಪ್ ಕೊಡುವ ಯೋಜನೆ ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿದೆ. ಮೈಸೂರು, ಮಂಡ್ಯ ಎರಡೂ ಕಡೆ ಜಿಲ್ಲಾ ಕಚೇರಿ ಇದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್, ವ್ಯಾಸಂಗ ಪ್ರಮಾಣಪತ್ರ ಸಿದ್ಧವಿಟ್ಟುಕೊಂಡು, ಅರ್ಜಿ ಕರೆಯುವ ಸಮಯ ಮತ್ತು ಬೇಕಾದ ಇತರ ದಾಖಲೆಗಳನ್ನು ಮೊದಲೇ ವಿಚಾರಿಸಿ. ಅಂಗವಿಕಲರಿಗೆ ಸಾಧನಗಳನ್ನು ಕೊಡಿಸುವ ಕೇಂದ್ರದ ಎಡಿಐಪಿ ಯೋಜನೆಯ ಬಗ್ಗೆಯೂ ಅಲ್ಲೇ ಕೇಳಿ.

ಅಂಗಡಿಗೆ ಹೋಗುವುದಾದರೆ ಬಳಸುವವರೇ ಹೋಗಬೇಕು, ಅವರ ಪರವಾಗಿ ಅಣ್ಣನೋ ಮಾವನೋ ಅಲ್ಲ. ಎನ್‌ವಿಡಿಎ ಇರುವ ಪೆನ್‌ಡ್ರೈವ್, ಒಂದು ಕನ್ನಡ ಯೂನಿಕೋಡ್ ಕಡತ, ತಂತಿಯ ಇಯರ್‌ಫೋನ್ ಜೊತೆಗಿರಲಿ. ಬ್ಲೂಟೂತ್ ಇಯರ್‌ಫೋನಿನಲ್ಲಿ ದನಿ ತಡವಾಗುತ್ತದೆ, ಪದದ ಮೊದಲ ಅಕ್ಷರ ನುಂಗಿಹೋಗುವುದೂ ಉಂಟು. ಹಾಗಾಗಿ ಇಯರ್‌ಫೋನ್ ಸಿಕ್ಕಿಸುವ ತೂತು ಇದೆಯೇ ನೋಡಿ. ಎಫ್ ಮತ್ತು ಜೆ ಕೀಲಿಗಳ ಮೇಲಿನ ಉಬ್ಬುಗೆರೆ ಬೆರಳಿಗೆ ಸಿಗಬೇಕು, ಬಳಸಿದ ಯಂತ್ರಗಳಲ್ಲಿ ಅದು ಸವೆದಿರುತ್ತದೆ. ಇನ್ಸರ್ಟ್ ಕೀಲಿ ಬೇರೆಯಾಗಿದೆಯೇ, ಎಫ್ಎನ್ ಜೊತೆ ಒತ್ತಬೇಕೇ ಎಂದು ಮುಟ್ಟಿ ನೋಡಿ. ಜೊತೆ ಒತ್ತಬೇಕಾದರೆ ಕ್ಯಾಪ್ಸ್ ಲಾಕನ್ನೇ ಎನ್‌ವಿಡಿಎ ಕೀಲಿಯಾಗಿ ಮಾಡಿಕೊಳ್ಳಬಹುದು. ಪೆನ್‌ಡ್ರೈವಿನಿಂದ ಎನ್‌ವಿಡಿಎ ಶುರುಮಾಡಿ, ದನಿ ಕನ್ನಡಕ್ಕೆ ಬದಲಿಸಿ, ಕಡತ ತೆರೆದು ಬಾಣದ ಕೀಲಿಯಿಂದ ಸಾಲು ಸಾಲಾಗಿ ವೇಗವಾಗಿ ಇಳಿಯಿರಿ. ಬೆರಳು ನಿಂತ ಕ್ಷಣಕ್ಕೆ ದನಿಯೂ ಆ ಸಾಲಿಗೆ ಬಂದಿರಬೇಕು. ಹಿಂದೆ ಉಳಿದರೆ ಬೇರೆ ಯಂತ್ರ ತೋರಿಸಲು ಹೇಳಿ. ಸರಿ ಬಂದರೆ ಬಿಲ್ಲು, ವಾರಂಟಿ ಅವಧಿ, ಎಷ್ಟು ದಿನದೊಳಗೆ ಹಿಂದಿರುಗಿಸಬಹುದು ಎಂಬುದನ್ನು ಬರಹದಲ್ಲಿ ಪಡೆದು, ಅದರ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ.